ಬಕೆಟ್ಟಿನ ಆಮೆ ಮತ್ತು ನನ್ನ ರಿಜಿಸ್ಟರ್

ನಿವೃತ್ತಿ ಎಂದರೆ ನರೆಗೂದಲು ನೆನಪಾಗುತ್ತದೆ. ನಾನು ಕೆಲಸ ಬಿಟ್ಟಾಗ ನನಗೆ ಮೂವತ್ನಾಲ್ಕು. ಚೆನ್ನೈನ ಒಂದು ಮಕ್ಕಳ ಆಸ್ಪತ್ರೆಯ ಮೈಕ್ರೊಬಯಾಲಜಿ ಲ್ಯಾಬಿನಲ್ಲಿ ಹನ್ನೊಂದು ವರ್ಷ ದುಡಿದೆ. ಕೊನೆಯ ಎರಡು ವರ್ಷ, ಬ್ಯಾಕ್ಟೀರಿಯಾ ಬೆಳೆಸುವ ಒಣಪುಡಿಯ ಡಬ್ಬಿ ತೆರೆದರೆ ಸಾಕು, ಉಬ್ಬಸ ಬರುತ್ತಿತ್ತು. ಡಾಕ್ಟರು ಇನ್ನು ಬೇಡ ಎಂದರು, ಬಿಟ್ಟೆ. ನನ್ನ ಸ್ವಂತ ವಿಷಯ ಇದಕ್ಕಿಂತ ಹೆಚ್ಚು ಇಲ್ಲಿ ಬೇಕಾಗಿಲ್ಲ.

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಕೇಳುತ್ತಾರೆ, ಕೆಲಸ ನಿಜಕ್ಕೂ ಹೇಗಿರುತ್ತದೆ ಎಂದು. ಪಠ್ಯಪುಸ್ತಕದಲ್ಲಿರುವುದನ್ನು ನಾನು ಮತ್ತೆ ಬರೆಯಬೇಕಾಗಿಲ್ಲ. ಅಲ್ಲಿ ಇಲ್ಲದ್ದನ್ನು ಬರೆಯುತ್ತೇನೆ. ಒಂದು ಮಾತನ್ನು ಮೊದಲೇ ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ: ಆ ಹನ್ನೊಂದು ವರ್ಷಗಳಲ್ಲಿ ಬಹುಪಾಲು ದಿನ ನನಗೆ ಮಲರ್ ಎಂಬ ಸಹೋದ್ಯೋಗಿಯ ಮೇಲೆ ಹೊಟ್ಟೆಕಿಚ್ಚು ಇತ್ತು.

ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಬಂದವಳು. ಮಲರ್ ಪೆರಂಬೂರಿನವಳು, ಓದಿದ್ದು ಎರಡು ವರ್ಷದ ಡಿಪ್ಲೊಮಾ. ನಾನು ಸೇರುವ ಹೊತ್ತಿಗೆ ಅವಳಿಗೆ ಮೂರು ವರ್ಷ ಸರ್ವಿಸ್ ಆಗಿತ್ತು. ಅವಳು ಮಾತಾಡುತ್ತಿದ್ದದ್ದು ತಮಿಳಿನಲ್ಲಿ, ನಾನು ಉತ್ತರ ಕೊಡುತ್ತಿದ್ದದ್ದು ನನ್ನ ಅರೆಬರೆ ತಮಿಳಿನಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಸೇರಿದ ಮೊದಲ ವಾರವೇ ಒಂದು ತಪ್ಪು ಮಾಡಿದೆ. ಮಲ ಪರೀಕ್ಷೆಗೆ ಬಳಸುವ ಒಂದು ಬಗೆಯ ಅಗಾರ್ ಇದೆ, ಬ್ಯಾಕ್ಟೀರಿಯಾ ಬೆಳೆಸಲು ಪ್ಲೇಟಿನಲ್ಲಿ ಹೆಪ್ಪುಗಟ್ಟಿಸುವ ಪಾಕ. ಅದನ್ನು ಕುದಿಸಿ ಪ್ಲೇಟಿಗೆ ಸುರಿಯಬೇಕು ಅಷ್ಟೆ, ಒತ್ತಡದ ಹಬೆಯಲ್ಲಿ ಬೇಯಿಸುವ ಆಟೊಕ್ಲೇವಿನಲ್ಲಿಟ್ಟರೆ ಕೆಡುತ್ತದೆ. ಡಬ್ಬಿಯ ಮೇಲೆ ಹಾಗೆಂದು ಬರೆದೂ ಇತ್ತು. ಆದರೆ ಬರೀ ಕುದಿಸಿದ್ದು ಹೇಗೆ ಶುಚಿಯಾದೀತು ಎಂದು ನನಗೆ ಸಮಾಧಾನವಾಗಲಿಲ್ಲ. ಆಟೊಕ್ಲೇವ್ ನೋಡಿಕೊಳ್ಳುತ್ತಿದ್ದ ಏಳುಮಲೈ ಅಣ್ಣನ ಕೈಗೆ ಫ್ಲಾಸ್ಕು ಕೊಟ್ಟು "ಒಂದು ಸಲ ಹಾಕಿಬಿಡಿ" ಎಂದೆ. ಓದಿದ ಹುಡುಗಿ ಹೇಳಿದ ಮೇಲೆ ಸರಿಯಿರಬೇಕು ಎಂದು ಅವರು ಹಾಕಿದರು. ಆ ದಿನದ ಅಷ್ಟೂ ಅಗಾರ್ ಕಂದಿ, ಕದಡಿ, ಚರಂಡಿಗೆ ಹೋಯಿತು.

ಮಲರ್ ಆ ದಿನವಿಡೀ ನಕ್ಕಳು. "ಇವಳು ಸೋಪನ್ನೂ ಸೋಪು ಹಾಕಿ ತೊಳೀತಾಳೆ ಪಾ!" ಎಂದು ಇಡೀ ಮಹಡಿಗೆ ಕೇಳುವಂತೆ ಹೇಳಿದಳು. ಆಮೇಲೆ ತಾನೇ ಕೂತು ಹೊಸದಾಗಿ ಅಗಾರ್ ಕಾಯಿಸಿಕೊಟ್ಟಳು. ನಕ್ಕದ್ದನ್ನು ಮರೆತೆ. ಕಾಯಿಸಿಕೊಟ್ಟದ್ದನ್ನು ಮರೆಯಲಾಗಲಿಲ್ಲ.

ಅವಳ ಮೂಗಿನ ಬಗ್ಗೆ ಹೇಳಬೇಕು. ಆಗಿನ ಹಳಬರು ಪ್ಲೇಟಿನ ಮುಚ್ಚಳ ತುಸು ಎತ್ತಿ, ಮೂಸಿ, ಯಾವ ಬ್ಯಾಕ್ಟೀರಿಯಾ ಎಂದು ಹೇಳಿಬಿಡುತ್ತಿದ್ದರು. ಮಾಡಬಾರದ ಕೆಲಸ, ನೀವು ಮಾಡಬೇಡಿ. ಮಲರ್ ಮೂಸಿ, "ಇದು ಕೊಳೆತ ಮೀನು, ಅದು ಹುಳಿ ದ್ರಾಕ್ಷಿ" ಎನ್ನುತ್ತಿದ್ದಳು. ನಾನು ಎರಡು ದಿನ ಪರೀಕ್ಷೆ ಮಾಡಿ ಕಂಡುಕೊಂಡದ್ದು ಅವಳ ಮಾತಿಗಿಂತ ಬೇರೆಯಾಗಿರುತ್ತಿದ್ದದ್ದು ಅಪರೂಪ. ಮಕ್ಕಳ ರಕ್ತ ತೆಗೆಯುವುದರಲ್ಲೂ ಅವಳು ಹಾಗೆಯೇ. "ಎಲ್ಲಿ, ನಿನ್ನ ಕೈಲಿ ಇರುವೆ ಹೋಗ್ತಿದೆ ನೋಡು" ಎನ್ನುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತಿತ್ತು. ನನ್ನ ಕೈಗೆ ಬಂದ ಮಗು ಮೆಟ್ಟಿಲ ತನಕ ಕೇಳುವಂತೆ ಅಳುತ್ತಿತ್ತು. ತಾಯಂದಿರು ಲ್ಯಾಬಿನ ಕಿಟಕಿಗೆ ಬಂದು "ಮಲರ್ ಇಲ್ಲವಾ?" ಎಂದು ಕೇಳುತ್ತಿದ್ದರು. ಅದಕ್ಕೆ "ಇಲ್ಲ" ಎನ್ನುವಾಗ ನನಗೆ ಸಣ್ಣ ಸಂತೋಷವಾಗುತ್ತಿತ್ತು.

ನನಗಿದ್ದದ್ದು ರಿಜಿಸ್ಟರ್. ಪ್ರತಿ ಮಾದರಿಗೂ ಒಂದು ಸಾಲು: ತಾರೀಖು, ಮಗುವಿನ ಹೆಸರು, ಬಂದ ಹೊತ್ತು, ಏನು ಬೆಳೆಯಿತು, ಏನು ಮಾಡಿದೆವು, ಯಾರಿಗೆ ಯಾವಾಗ ತಿಳಿಸಿದೆವು. ಸ್ಕೇಲಿಟ್ಟು ಗೆರೆ ಹಾಕುತ್ತಿದ್ದೆ. ಒಂದು ಹೊಡೆದುಹಾಕಿದ ಅಕ್ಷರವಿಲ್ಲ. ನಮ್ಮ ಮುಖ್ಯಸ್ಥೆ, ನಾವು ಚೀಫ್ ಮೇಡಂ ಎನ್ನುತ್ತಿದ್ದೆವು, ಹೊರಗಿನಿಂದ ತಪಾಸಣೆಗೆ ಬಂದವರ ಮುಂದೆ ಮೊದಲು ಇಡುತ್ತಿದ್ದದ್ದು ಆ ರಿಜಿಸ್ಟರ್. ಮಲರ್ ನನಗೆ ಇಟ್ಟ ಹೆಸರು ರಿಜಿಸ್ಟರ್ ರಾಣಿ.

ಆದರೆ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಚೀಫ್ ಮೇಡಂ ನಡೆಸುತ್ತಿದ್ದ ಮೀಟಿಂಗಿನಲ್ಲಿ ರಿಜಿಸ್ಟರಿಗೆ ಜಾಗವಿರಲಿಲ್ಲ. ಕೆಳಗಿನ ಅಂಗಡಿಯಿಂದ ಟೀ, ಬಾಳೆಕಾಯಿ ಬಜ್ಜಿ ಬರುತ್ತಿತ್ತು. ಮಕ್ಕಳ ಡಾಕ್ಟರುಗಳೆಲ್ಲ ಬಂದು ಕೂರುತ್ತಿದ್ದರು. ಆ ವಾರದ ಒಂದು ಕೇಸನ್ನು ನಮ್ಮಲ್ಲಿ ಒಬ್ಬರು ಎದ್ದುನಿಂತು ಹೇಳಬೇಕು. ಯಾರೆಂದು ಚೀಫ್ ಮೇಡಂ ಗುರುವಾರ ಸಂಜೆ ತಿಳಿಸುತ್ತಿದ್ದರು. ನಾಲ್ಕರಲ್ಲಿ ಮೂರು ವಾರ ಅದು ಮಲರ್. ನಾನು ಎಣಿಸುತ್ತಿದ್ದೆ. ರಿಜಿಸ್ಟರಿನಲ್ಲಿ ಅಲ್ಲ, ಮನಸ್ಸಿನಲ್ಲಿ.

ಇನ್ನು ಆ ಮಗುವಿನ ವಿಷಯ. ನಾನು ಸೇರಿ ಐದಾರು ವರ್ಷವಾಗಿತ್ತು. ಬೇಸಿಗೆ, ನಲ್ಲಿಯಲ್ಲಿ ನೀರಿಲ್ಲದೆ ಊರೆಲ್ಲ ಲಾರಿ ನೀರಿಗೆ ಕೊಡ ಹಿಡಿದು ನಿಂತಿದ್ದ ಕಾಲ. ಬೆಸೆಂಟ್ ನಗರದಿಂದ ಒಂದು ಐದು ತಿಂಗಳ ಗಂಡುಮಗುವನ್ನು ತರುತ್ತಿದ್ದರು. ರಕ್ತ ಬೆರೆತ ಭೇದಿ, ಜ್ವರ. ಎರಡು ವಾರ ಸುಧಾರಿಸುವುದು, ಮತ್ತೆ ಶುರುವಾಗುವುದು. ತಂದೆ ಬ್ಯಾಂಕಿನಲ್ಲಿ ಅಧಿಕಾರಿ, ತುಮಕೂರು ಕಡೆಯವರು, ವರ್ಷದ ಹಿಂದೆ ವರ್ಗವಾಗಿ ಬಂದವರು. ಹೆಸರು ನೋಡಿಯೇ ನನಗೆ ಕನ್ನಡದವರೆಂದು ಗೊತ್ತಾಗಿತ್ತು. ನಾನಾಗಿ ಮಾತಾಡಿಸಲಿಲ್ಲ. ಅದು ನನ್ನ ಸ್ವಭಾವ.

ಮೊದಲೆರಡು ಮಾದರಿಗಳನ್ನು ನೋಡಿದವಳು ನಾನೇ. ನಮ್ಮ ಕೆಲಸದ ಮೊದಲ ಪಾಠ ಇಷ್ಟು: ಹಾಲಿನ ಸಕ್ಕರೆಯನ್ನು ತಿನ್ನುವ ಬ್ಯಾಕ್ಟೀರಿಯಾ ಪ್ಲೇಟಿನ ಮೇಲೆ ಗುಲಾಬಿ ಚುಕ್ಕೆಯಾಗಿ ಬೆಳೆಯುತ್ತದೆ, ತಿನ್ನದ್ದು ಬಣ್ಣವಿಲ್ಲದೆ. ಎಲ್ಲರ ಕರುಳಿನಲ್ಲೂ ಇರುವ ಸಾಧು ಜೀವಿಗಳು ಗುಲಾಬಿ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ, ಅದರ ಬಂಧುಬಳಗ ಬಣ್ಣವಿಲ್ಲದ್ದು. ಒಂದು ರಾತ್ರಿ ಬೆಳೆದ ಪ್ಲೇಟಿನಲ್ಲಿ ಬರೀ ಗುಲಾಬಿ ಇದ್ದರೆ ಕಸದ ಬಕೆಟ್ಟಿಗೆ. ಎರಡು ಸಲವೂ ಬರೀ ಗುಲಾಬಿ ಇತ್ತು. ಎರಡು ಸಲವೂ ಬಕೆಟ್ಟಿಗೆ ಹಾಕಿದೆ, ಏಳುಮಲೈ ಅಣ್ಣ ಬೆಳಿಗ್ಗೆ ಹತ್ತಕ್ಕೇ ಅದನ್ನು ಬೇಯಿಸಿದರು. ರಿಜಿಸ್ಟರಿನಲ್ಲಿ ಬರೆದೆ: ರೋಗಕಾರಕ ಬೆಳೆದಿಲ್ಲ.

ಮೂರನೆಯ ಮಾದರಿ ಮಲರ್ ಪಾಲಿಗೆ ಬಂತು. ಪ್ಲೇಟ್ ಹಾಕಿಟ್ಟು ಅವಳು ಅಕ್ಕನ ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಎರಡು ದಿನ ರಜೆ ಹೋದಳು, ಯಾರಿಗೂ ಹೇಳದೆ. ಅವಳ ಪ್ಲೇಟುಗಳಿದ್ದ ಸ್ಟ್ಯಾಂಡನ್ನು ನಾನು ಮುಟ್ಟುತ್ತಿರಲಿಲ್ಲ. ಅದೂ ನಿಯಮವೇ. ಮೂರನೆಯ ದಿನ ಬಂದವಳು ಆ ಪ್ಲೇಟ್ ಹಿಡಿದು ನನ್ನ ಬೆಂಚಿಗೆ ಬಂದಳು.

"ರಾಣಿ, ನೀನು ಓದಿದವಳು. ಇದನ್ನು ನೋಡು. ಗುಲಾಬಿಗೆ ನಡುವೆ ಕಪ್ಪು ಬಂದಿದೆ. ಹೀಗೆ ಬರುತ್ತಾ?"

ಬಂದಿತ್ತು. ಪ್ರತಿ ಗುಲಾಬಿ ಚುಕ್ಕೆಯ ನಡುವೆ ಸಾಸಿವೆಯಷ್ಟು ಕಪ್ಪು. ಸಾಲ್ಮೊನೆಲ್ಲಾ ಹಾಗೆ ಕಪ್ಪು ಮಾಡುತ್ತದೆ, ಆದರೆ ಗುಲಾಬಿಯಾಗಬಾರದು. ಗುಲಾಬಿಯಾಗುವ ಒಂದು ಉಪಜಾತಿ ಇದೆ, ಅದರ ಬಗ್ಗೆ ಮೈಸೂರಿನಲ್ಲಿ ಒಂದು ಪ್ಯಾರಾ ಓದಿದ್ದೆ. ಆ ಕ್ಷಣದಲ್ಲೇ ಅದು ಅರ್ಧ ನೆನಪಾಯಿತು. ನಾನು ಹೇಳಿದ್ದು ಬೇರೆ.

"ಎರಡು ದಿನದ ಪ್ಲೇಟ್ ಓದಬಾರದು. ಹಳತಾಗಿದೆ. ಬಿಸಾಡು."

"ಬಿಸಾಡಲಾ?"

"ನಿಯಮ ಹಾಗಿದೆ."

ಮಲರ್ ಪ್ಲೇಟನ್ನೂ ನನ್ನನ್ನೂ ನೋಡಿದಳು. "ನಿಯಮಕ್ಕೆ ಭೇದಿ ಆಗ್ತಿಲ್ಲ ಪಾ, ಮಗುವಿಗೆ ಆಗ್ತಿದೆ," ಎಂದವಳೇ ಅದನ್ನು ಚೀಫ್ ಮೇಡಂ ಕೋಣೆಗೆ ಒಯ್ದಳು.

ಚೀಫ್ ಮೇಡಂ ತಾವೇ ಬೆಂಚಿಗೆ ಬಂದು ನಾಲ್ಕು ದಿನ ಪರೀಕ್ಷೆ ಮಾಡಿದರು. ಸಾಲ್ಮೊನೆಲ್ಲಾವೇ, ಆ ಅಪರೂಪದ ಉಪಜಾತಿ. "ಇದರ ಮನೆ ಹಾವು, ಹಲ್ಲಿ, ಆಮೆಗಳ ಕರುಳು," ಎಂದರು. "ಅವಕ್ಕೆ ಏನೂ ಆಗುವುದಿಲ್ಲ. ಮುಟ್ಟಿದವರ ಕೈಗೆ ಬರುತ್ತದೆ. ದೊಡ್ಡವರಿಗೆ ಎರಡು ದಿನ ಹೊಟ್ಟೆನೋವು. ವರ್ಷ ತುಂಬದ ಮಗುವಿಗೆ ರಕ್ತಕ್ಕೆ ಇಳಿಯಬಹುದು, ಮಿದುಳಿನ ಪೊರೆಗೂ ಹೋಗಬಹುದು. ಮಲರ್, ನೀನು ಆ ಮನೆಗೆ ಹೋಗಿ ಕೇಳಿಕೊಂಡು ಬಾ, ಏನು ಸಾಕಿದ್ದಾರೆ ಅಂತ."

ಆ ಮನೆಯವರ ಭಾಷೆ ನನಗೆ ಬರುತ್ತದೆ ಎಂದು ಆಗಲೇ ಹೇಳಬಹುದಿತ್ತು. ನಾನು ಕನ್ನಡದವಳೆಂದು ಚೀಫ್ ಮೇಡಂಗೆ ಗೊತ್ತಿತ್ತು, ಅವರಾಗಿ ಕರೆಯಲಿ ಎಂದು ಕಾದೆ. ಕರೆಯಲಿಲ್ಲ. ಮಲರ್ ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಹೋದಳು. ನಾನು ಸ್ಕೇಲ್ ತೆಗೆದು ಗೆರೆ ಹಾಕಿದೆ.

ಆ ಮನೆಯಲ್ಲಿ ತಂದೆ, ತಾಯಿ ಇಬ್ಬರೂ ಖಚಿತವಾಗಿ ಹೇಳಿದರಂತೆ: ನಾಯಿಯಿಲ್ಲ, ಬೆಕ್ಕಿಲ್ಲ, ಯಾವ ಪ್ರಾಣಿಯೂ ಇಲ್ಲ. ಅಜ್ಜಿ ಪಕ್ಕದಲ್ಲಿ ನಿಂತಿದ್ದರಂತೆ. ಅವರಿಗೆ ತಮಿಳು ಅಷ್ಟಕ್ಕಷ್ಟೇ, ತಲೆಯಾಡಿಸಿದರಂತೆ. ಅಡುಗೆಮನೆಯ ಗೋಡೆಯ ಮೇಲೆ ಮೂರು ಹಲ್ಲಿ ಇದ್ದವು. ಚೆನ್ನೈನಲ್ಲಿ ಹಲ್ಲಿಯಿಲ್ಲದ ಗೋಡೆ ಎಲ್ಲಿದೆ? ಹಲ್ಲಿಯಿಂದ ಬಂದಿರಬೇಕೆಂದು ಮಲರ್ ವರದಿ ಕೊಟ್ಟಳು, ಚೀಫ್ ಮೇಡಂ ಒಪ್ಪಿದರು. ಮಗುವಿಗೆ ಔಷಧಿ ಬದಲಾಯಿತು, ಭೇದಿ ನಿಂತಿತು. ಪಾತ್ರೆಗಳನ್ನು ಮುಚ್ಚಿಡಿ ಎಂದು ಆ ಮನೆಯವರಿಗೆ ಹೇಳಿದ್ದಾಯಿತು. ಶುಕ್ರವಾರ ಮಲರ್ ಎದ್ದುನಿಂತು ಮಾತಾಡಿದಳು. "ನಾನು ರಜೆ ಹೇಳದೆ ಹೋದದ್ದಕ್ಕೆ ಮೇಡಂ ಬೈಯಬೇಕು, ಆದರೆ ಹೋಗದಿದ್ದರೆ ಈ ಪ್ಲೇಟೂ ಇವತ್ತು ಬಕೆಟ್ಟಿನಲ್ಲಿ ಇರುತ್ತಿತ್ತು," ಎಂದಳು. ಡಾಕ್ಟರುಗಳು ನಕ್ಕರು. ಒಬ್ಬರು ಚಪ್ಪಾಳೆ ತಟ್ಟಿದರು. ಮೊದಲೆರಡು ಪ್ಲೇಟುಗಳನ್ನು ಯಾರು ಬಕೆಟ್ಟಿಗೆ ಹಾಕಿದ್ದೆಂದು ಅವಳು ಹೇಳಲಿಲ್ಲ. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು, ಅವಳನ್ನು ದ್ವೇಷಿಸಲು ಒಂದು ಕಾರಣ ಸಿಗುತ್ತಿತ್ತು.

ಹದಿನೈದು ದಿನದ ಮೇಲೆ, ಒಂದು ಸೋಮವಾರ, ಮಗುವಿನ ಅಜ್ಜಿ ರಿಪೋರ್ಟ್ ತೆಗೆದುಕೊಂಡು ಹೋಗಲು ಒಬ್ಬರೇ ಆಟೋದಲ್ಲಿ ಬಂದಿದ್ದರು. ಮಗುವಿಗೆ ಮತ್ತೆ ಎರಡು ದಿನದಿಂದ ಭೇದಿ. ಕಿಟಕಿಯಲ್ಲಿ ನಾನಿದ್ದೆ. ರಶೀದಿ ಹುಡುಕುತ್ತ ಅವರು ತಮ್ಮಷ್ಟಕ್ಕೆ "ಎಲ್ಲಿಟ್ಟೆನೋ ಶಿವನೆ" ಎಂದರು. ನಾನು "ನಿಧಾನಕ್ಕೆ ನೋಡಿ ಅಜ್ಜಿ" ಎಂದುಬಿಟ್ಟೆ.

ಅವರು ತಲೆಯೆತ್ತಿದರು. "ಅಯ್ಯೋ, ನೀನು ನಮ್ಮ ಕಡೆಯೋಳಾ? ಇಷ್ಟು ದಿನ ಇಲ್ಲೇ ಕೂತಿದ್ದು ಒಂದು ಮಾತು ಆಡ್ಲಿಲ್ವಲ್ಲೇ ತಾಯಿ! ಈ ಊರಲ್ಲಿ ಬಾಯಿದ್ದೂ ಮೂಗಿ ಆಗಿದೀನಿ ಕಣಮ್ಮ."

ಒಳಗೆ ಕರೆದು ಕೂರಿಸಿ ನೀರು ಕೊಟ್ಟೆ. ಐದು ನಿಮಿಷದಲ್ಲಿ ಎಲ್ಲ ಹೇಳಿದರು. ಮಗುವಿಗೆ ಒಬ್ಬಳು ಅಕ್ಕ ಇದ್ದಾಳೆ, ಏಳು ವರ್ಷದವಳು. ಪಲ್ಲಾವರಂ ಸಂತೆಗೆ ಹೋದಾಗ ಹಟ ಮಾಡಿ ಒಂದು ಆಮೆಮರಿ ಕೊಡಿಸಿಕೊಂಡಿದ್ದಳು. ಅಂಗೈಯಷ್ಟು, ಹಸಿರು, ಕಿವಿಯ ಹತ್ತಿರ ಕೆಂಪು ಪಟ್ಟೆ. ನೀರು ವಾಸನೆ ಬರುತ್ತದೆಂದು ತಂದೆ ರೇಗಿ, ದೇವಸ್ಥಾನದ ಕೊಳಕ್ಕೆ ಬಿಟ್ಟು ಬನ್ನಿ ಎಂದಿದ್ದರು. ಅಜ್ಜಿ ಮೊಮ್ಮಗಳು ಕೊಳದ ತನಕ ಹೋದರು. ಹುಡುಗಿ ಅತ್ತಳು. ಅಜ್ಜಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾಪಸ್ ತಂದು, ಬಚ್ಚಲಿನಲ್ಲಿ ಬಕೆಟ್ಟಿಗೆ ಹಾಕಿ ಮೇಲೆ ಮೊರ ಮುಚ್ಚಿದರು. ಮಗ, ಸೊಸೆಗೆ ಅದು ಹೋಯಿತೆಂದೇ ಲೆಕ್ಕ.

"ಆವತ್ತು ಆ ನಗುಮುಖದ ಹುಡುಗಿ ಬಂದಾಗ ಹೇಳೋಣ ಅಂದ್ರೆ ಮಗ ಪಕ್ಕದಲ್ಲೇ ನಿಂತಿದ್ದ. ಅವಳಿಗೆ ನನ್ನ ಭಾಷೆ ಬೇರೆ ತಿಳೀದು. ಹಲ್ಲಿ ಅಂದ್ರು, ಹಲ್ಲೀನೇ ಇರಬಹುದು ಅಂದ್ಕೊಂಡೆ. ಅದೂ ಅಲ್ದೆ ನಾನು ಗಲೀಜಾಗಿ ಇಟ್ಟಿಲ್ಲ ಕಣಮ್ಮ. ದಿನಾ ಅವರಿಬ್ಬರೂ ಆಚೆ ಹೋದ ಮೇಲೆ ಅಡುಗೆಮನೆ ಸಿಂಕಲ್ಲಿ ಬ್ರಷ್ ಹಾಕಿ ಉಜ್ತೀನಿ, ಬೆನ್ನು ಹೊಟ್ಟೆ ಎಲ್ಲ. ಆಮೇಲೆ ಸಿಂಕೂ ಉಜ್ತೀನಿ."

"ಯಾವ ಬ್ರಷ್ ಅಜ್ಜಿ?"

"ಒಳಲೆ ಉಜ್ಜೋ ಸಣ್ಣ ಬ್ರಷ್ಷು."

ಒಳಲೆ ಎಂದರೆ ಗೊತ್ತಿಲ್ಲದವರಿಗೆ: ಮಗುವಿಗೆ ಹಾಲು, ಔಷಧಿ ಕುಡಿಸುವ, ಮೂತಿಯಿರುವ ಸಣ್ಣ ಬೆಳ್ಳಿ ಬಟ್ಟಲು. ಅಜ್ಜಿ ಅದನ್ನು ದಿನಕ್ಕೆರಡು ಸಲ ಕುದಿಯುವ ನೀರಿಗೆ ಹಾಕುತ್ತಿದ್ದರು. ಕುದಿಸಿದ ಮೇಲೆ, ಮೂತಿಯ ತುದಿಯಲ್ಲಿ ಹಾಲು ಕಟ್ಟಿಕೊಂಡಿದೆಯೇನೋ ಎಂಬ ಅನುಮಾನಕ್ಕೆ ಇನ್ನೊಮ್ಮೆ ಅದೇ ಬ್ರಷ್ ಹಾಕಿ ಉಜ್ಜುತ್ತಿದ್ದರು.

ನಾನು ಆಟೊಕ್ಲೇವಿಗೆ ಕೊಟ್ಟ ಅಗಾರ್ ನೆನಪಾಯಿತು. ಶುಚಿಯಾದದ್ದನ್ನು ಮತ್ತೊಮ್ಮೆ ಶುಚಿ ಮಾಡುವ ಕೈಗಳು ಅವರದೂ ನನ್ನದೂ ಒಂದೇ.

"ಮಗನಿಗೆ ಹೇಳಬೇಡ ಕಣೆ," ಎಂದರು. "ನಾನೇ ಹೇಳ್ತೀನಿ, ಒಂದೆರಡು ದಿನ ಕೊಡು. ಆ ಹುಡುಗಿ ಎದೆ ಒಡ್ಕೊಳ್ತದೆ."

ನಾನು "ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ ಅಜ್ಜಿ" ಎಂದೆ. ಇಷ್ಟೇ ಹೇಳಿದೆ. ಆ ಬ್ರಷ್ ಈವತ್ತೇ ಎಸೆಯಿರಿ, ಆಮೆಯನ್ನು ಈಗಲೇ ಮನೆಯಿಂದ ಆಚೆ ಕಳಿಸಿ, ನಾನು ನಿಮ್ಮ ಮಗನಿಗೆ ಫೋನ್ ಮಾಡುತ್ತೇನೆ ಎಂದು ಹೇಳಬೇಕಿತ್ತು. ಅಜ್ಜಿ ಬೇಡಿಕೊಂಡದ್ದು ತಡೆಯಿತೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಅಜ್ಜಿ ಮೆಟ್ಟಿಲಿಳಿಯುವಾಗ ನಾನು ಲೆಕ್ಕ ಹಾಕುತ್ತಿದ್ದದ್ದು, ಶುಕ್ರವಾರಕ್ಕೆ ಇನ್ನೆಷ್ಟು ದಿನ ಎಂದು. ಚೀಫ್ ಮೇಡಂ, ಡಾಕ್ಟರುಗಳು, ಬಜ್ಜಿ, ಟೀ, ಎಲ್ಲರ ಮುಂದೆ ಎದ್ದುನಿಂತು "ಹಲ್ಲಿ ಅಲ್ಲ" ಎಂದು ನಾನು ಹೇಳಬೇಕು, ಮಲರ್ ಕೂತು ಕೇಳಬೇಕು. ಈಗಲೇ ಹೇಳಿದರೆ ಚೀಫ್ ಮೇಡಂ ಮತ್ತೆ ಅವಳನ್ನೇ ಆ ಮನೆಗೆ ಕಳಿಸುತ್ತಾರೆ. ಮಂಗಳವಾರ, ಬುಧವಾರ ನಾನು ಹಳೆಯ ಪುಸ್ತಕ ತೆಗೆದು ಟಿಪ್ಪಣಿ ಮಾಡಿಕೊಂಡೆ. ಚಿತ್ರವನ್ನೂ ಬರೆದೆ: ಸಿಂಕು, ಬ್ರಷ್ಷು, ಒಳಲೆ.

ಗುರುವಾರ ಬೆಳಿಗ್ಗೆ ಎಂಟಕ್ಕೆ ವಾರ್ಡಿನಿಂದ ರಕ್ತದ ಬಾಟಲಿ ಬಂತು. ಲೇಬಲ್ಲಿನ ಮೇಲೆ ಆ ಮಗುವಿನ ಹೆಸರು. ಬುಧವಾರ ಸಂಜೆ ಜ್ವರ ಏರಿ, ಫಿಟ್ಸ್ ಬಂದು, ಸೇರಿಸಿದ್ದರು. ಸೋಂಕು ಮಿದುಳಿನ ಪೊರೆಗೆ ಹೋಗಿದೆಯೇ ಎಂದು ನೋಡಲು ಬೆನ್ನಿನಿಂದ ನೀರು ತೆಗೆಯುವ ತಯಾರಿ ನಡೆದಿತ್ತು.

ಬಾಟಲಿಯನ್ನು ಇನ್‌ಕ್ಯುಬೇಟರಿನಲ್ಲಿಟ್ಟು ನೇರ ಚೀಫ್ ಮೇಡಂ ಹತ್ತಿರ ಹೋಗಿ, ಆಮೆಯ ವಿಷಯ ಹೇಳಿದೆ.

"ಯಾವಾಗ ಗೊತ್ತಾಯಿತು?"

"ಈಗ ಬೆಳಿಗ್ಗೆ, ಮೇಡಂ. ಅಜ್ಜಿ ಸಿಕ್ಕಿದ್ದರು."

ಆಮೇಲಿನ ಕೆಲಸವೆಲ್ಲ ಗಂಟೆಯೊಳಗೆ ಆಯಿತು. ಸೋಮವಾರವಾಗಿದ್ದರೂ ಗಂಟೆಯೊಳಗೇ ಆಗುತ್ತಿತ್ತು. ಮಗುವಿನ ತಂದೆಗೆ ಹೇಳಿದ್ದಾಯಿತು. ಅವರು ತಾಯಿಯ ಮೇಲೆ ಕೂಗಾಡಲಿಲ್ಲ, ವಾರ್ಡಿನ ಹೊರಗೆ ಗೋಡೆಗೆ ಒರಗಿ ನಿಂತುಬಿಟ್ಟರು. ಏಳುಮಲೈ ಅಣ್ಣ ಬೆಸೆಂಟ್ ನಗರಕ್ಕೆ ಹೋಗಿ ಆಮೆಯನ್ನು ಬಕೆಟ್ಟಿನ ಸಮೇತ ತಂದರು, ಜೊತೆಗೆ ಬ್ರಷ್ಷು, ಸಿಂಕಿನ ಜಾಲರಿ. ಆ ಹುಡುಗಿ ಆಟೋ ಹಿಂದೆ ಓಡಿಬಂದಳಂತೆ. ಬಕೆಟ್ಟಿನ ನೀರು, ಬ್ರಷ್ಷಿನ ಕೂದಲು, ಸಿಂಕಿನ ಜಾಲರಿ, ಮೂರರಿಂದಲೂ ನಾನು ಪ್ಲೇಟ್ ಹಾಕಿದೆ. ಮೂರರಲ್ಲೂ ಗುಲಾಬಿ ಬೆಳೆಯಿತು. ಬಿಸಾಡದೆ ಕಾದೆ. ಮರುದಿನಕ್ಕೆ ನಡುವೆ ಕಪ್ಪು ಬಂತು. ಆಮೆಯನ್ನು ಊರಾಚೆ ಹಾವು, ಮೊಸಳೆ ಸಾಕುವ ಕಡೆಗೆ ಕೊಟ್ಟರು.

ಗುರುವಾರ ಸಂಜೆ ಚೀಫ್ ಮೇಡಂ ನನ್ನ ಹೆಸರು ಹೇಳಿದರು. ಶುಕ್ರವಾರ ನಾನು ಎದ್ದುನಿಂತೆ. ಚಿತ್ರ ತೋರಿಸಿದೆ. ನನ್ನ ತಮಿಳು ಎಂದಿಗಿಂತ ಚೆನ್ನಾಗಿತ್ತು. ಚಪ್ಪಾಳೆ ಬಂತು. ಮೊದಲು ತಟ್ಟಿದವಳು ಮಲರ್.

ಎಲ್ಲರೂ ಹೋದ ಮೇಲೆ ಅವಳು ಟೀ ಲೋಟ ಜೋಡಿಸುತ್ತ ಹತ್ತಿರ ಬಂದಳು.

"ಚೆನ್ನಾಗಿ ಹೇಳಿದೆ, ರಾಣಿ. ನಿನ್ನೆ ಮಧ್ಯಾಹ್ನ ನಾನು ವಾರ್ಡಿಗೆ ಹೋಗಿದ್ದೆ. ಆ ಪಾಟಿ ನನ್ನ ಕೈ ಹಿಡಿದುಕೊಂಡು ಅತ್ತರು. ಬರುವ ನಾಲ್ಕು ತಮಿಳು ಮಾತಿನಲ್ಲೇ, ನಿಮ್ಮ ಕನ್ನಡದ ಹುಡುಗಿಗೆ ಸೋಮವಾರವೇ ಹೇಳಿದ್ದೆ ಅಂತಾರೆ." ಪಾಟಿ ಎಂದರೆ ಅಜ್ಜಿ. ಲೋಟದ ಮೇಲೆ ಲೋಟ ಇಟ್ಟಳು. "ವಯಸ್ಸಾಗಿದೆ. ದಿನ ಮರೆತಿರಬೇಕು, ಅಲ್ಲವಾ?"

ಅವಳು ನನ್ನ ಮುಖ ನೋಡಲಿಲ್ಲ. ನೋಡದೆ ಕಾದಳು.

"ಮರೆತಿರಬೇಕು," ಎಂದೆ.

"ಸರಿ," ಎಂದು ಲೋಟಗಳನ್ನೆತ್ತಿಕೊಂಡು ಹೋದಳು. ಆಮೇಲೆ ಐದು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು. ಆ ಮಾತನ್ನು ಅವಳು ನನ್ನ ಹತ್ತಿರವಾಗಲಿ, ಬೇರೆಯವರ ಹತ್ತಿರವಾಗಲಿ ಎತ್ತಲಿಲ್ಲ. ರಿಜಿಸ್ಟರ್ ರಾಣಿ ಎಂದು ಕರೆಯುವುದನ್ನು ಮಾತ್ರ ನಿಲ್ಲಿಸಿದಳು, ಹೆಸರು ಹಿಡಿದು ಕರೆಯತೊಡಗಿದಳು. ಅಷ್ಟು ದೊಡ್ಡದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಷ್ಟು ಹಗುರಾಗಿ ನಗುತ್ತ ಓಡಾಡಲು ಅವಳಿಗೆ ಹೇಗೆ ಸಾಧ್ಯವಾಯಿತೋ. ಅದರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಮಗು ಉಳಿಯಿತು. ಬೆನ್ನಿನ ನೀರು ಶುದ್ಧವಾಗಿತ್ತು, ರಕ್ತದಲ್ಲಿ ಮಾತ್ರ ಬೆಳೆಯಿತು. ಮೂರು ವಾರ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿತ್ತು. ಆ ಸೂಜಿಗಳನ್ನು ಹಾಕಿದವಳು ಮಲರ್. ಅಜ್ಜಿ ಆ ಮೂರು ವಾರವೂ ಮಗುವನ್ನು ಮುಟ್ಟಲಿಲ್ಲ ಎಂದು ನರ್ಸ್ ಹೇಳಿದರು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರಂತೆ, ಕೈ ಎರಡೂ ಮಡಿಲಲ್ಲಿಟ್ಟುಕೊಂಡು. ನಾನು ಆ ವಾರ್ಡಿಗೆ ಹೋಗಲಿಲ್ಲ.

ಅದಾದ ಮೇಲೆ ನಮ್ಮ ಲ್ಯಾಬಿನಲ್ಲಿ ಮಲದ ಪ್ಲೇಟುಗಳನ್ನು ಎರಡು ದಿನ ಇಟ್ಟು ನೋಡುವ ಪದ್ಧತಿ ಬಂತು. ಮನೆಯಲ್ಲಿ ಪ್ರಾಣಿ ಇದೆಯಾ ಎಂದು ಒಂದೇ ಪ್ರಶ್ನೆ ಕೇಳುವುದು ನಿಂತಿತು. ಆಮೆ, ಹಲ್ಲಿ ಜಾತಿ, ಹಾವು ಎಂದು ಹೆಸರು ಹಿಡಿದು ಕೇಳುತ್ತಿದ್ದೆವು, ಈಗಿರುವುದನ್ನಷ್ಟೇ ಅಲ್ಲ, ಮೊದಲಿದ್ದದ್ದನ್ನೂ. ಮನೆಯಲ್ಲಿ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ, ಅವರವರ ಭಾಷೆಯಲ್ಲಿ. ಸಣ್ಣ ಮಗುವಿರುವ ಮನೆಗೆ ಆಮೆ ತರಬೇಡಿ, ಇದ್ದರೆ ಅದರ ನೀರು ಅಡುಗೆಮನೆಗೆ ಬರುವುದು ಬೇಡ ಎಂದು ಮೂರು ಭಾಷೆಯಲ್ಲಿ ಕಾಗದ ಅಚ್ಚು ಹಾಕಿಸಿದೆವು. ಕನ್ನಡದ್ದನ್ನು ನಾನು ಬರೆದೆ. ನಾನು ಬಿಡುವ ಹೊತ್ತಿಗೆ ಕಂಪ್ಯೂಟರ್ ಬಂದು ರಿಜಿಸ್ಟರ್ ಬರೆಯುವುದು ತಪ್ಪಿತ್ತು. ಯಂತ್ರವೇ ಬ್ಯಾಕ್ಟೀರಿಯಾದ ಹೆಸರು ಹೇಳುತ್ತಿತ್ತು, ಮೂಸುವವರು ಯಾರೂ ಇರಲಿಲ್ಲ.

ಆದರೆ ಹಳೆಯ ರಿಜಿಸ್ಟರಿನ ಒಂದು ಪುಟವನ್ನು ಚೀಫ್ ಮೇಡಂ ಜೆರಾಕ್ಸ್ ಮಾಡಿಸಿ ಹೊಸಬರ ಪಾಠಕ್ಕೆ ಇಟ್ಟಿದ್ದರು. ಈಗಲೂ ಕೊಡುತ್ತಾರಂತೆ. ಒಂದು ಕೇಸನ್ನು ಹೇಗೆ ದಾಖಲಿಸಬೇಕು ಎಂಬುದಕ್ಕೆ ಮಾದರಿಯಾಗಿ. ನನ್ನ ಅಕ್ಷರ, ಸ್ಕೇಲಿನ ಗೆರೆ, ಹೊಡೆದುಹಾಕಿದ್ದು ಒಂದೂ ಇಲ್ಲ. ಆಮೆಯ ಕೇಸು. ಕೆಳಗಿನಿಂದ ನಾಲ್ಕನೆಯ ಸಾಲಿನಲ್ಲಿ, "ಸೋಂಕಿನ ಮೂಲ ತಿಳಿದ ದಿನ" ಎಂಬುದರ ಎದುರು ಗುರುವಾರ ಎಂದಿದೆ.

ಆ ಪುಟ ನಿಮ್ಮ ಕೈಗೆ ಬಂದಿದ್ದರೆ ಅದನ್ನು ಹೊಡೆದುಹಾಕಿ ಸೋಮವಾರ ಎಂದು ಬರೆದುಕೊಳ್ಳಿ. ಅಜ್ಜಿ ದಿನ ಮರೆತಿರಲಿಲ್ಲ.